ಗೇಮ್‌ನಲ್ಲಿ ಕಟ್ಟಿದ ವಿಮಾನ ಪಲ್ಟಿ ಹೊಡೆಯುವುದೇಕೆ? ನಿಜವಾದ ವಿಮಾನ ನೆಟ್ಟಗೆ ಹಾರುವುದು ಹೇಗೆ?

ಜಯನಗರದ ಒಂದು ಮನೆ. ಒಂಬತ್ತನೇ ತರಗತಿಯ ಹುಡುಗ ಸೋಫಾದ ಮೇಲೆ ಕೂತು ಅಮ್ಮನ ಫೋನಿನಲ್ಲಿ ವಿಮಾನ ಕಟ್ಟುತ್ತಿದ್ದಾನೆ ಎಂದುಕೊಳ್ಳಿ. ‘ಸಿಂಪಲ್‌ಪ್ಲೇನ್ಸ್’ ತರಹದ ಗೇಮ್. ರೆಕ್ಕೆ, ಬಾಲ, ಎಂಜಿನ್, ಚಕ್ರ ಎಲ್ಲವನ್ನೂ ನಾವೇ ಜೋಡಿಸಿ ಹಾರಿಸಬೇಕು. ನೋಡಲು ವಿಮಾನ ಚೆನ್ನಾಗಿಯೇ ಇದೆ. ಆದರೆ ರನ್‌ವೇ ಬಿಟ್ಟು ಮೇಲೇಳುತ್ತಿದ್ದಂತೆ ಮೂತಿ ಎತ್ತಿಕೊಂಡು ಹಿಂದಕ್ಕೆ ಪಲ್ಟಿ ಹೊಡೆದು ನೆಲಕ್ಕೆ ಅಪ್ಪಳಿಸುತ್ತದೆ. ಹುಡುಗ ಏನು ಮಾಡುತ್ತಾನೆ? ಇನ್ನೊಂದು ಎಂಜಿನ್ ಸೇರಿಸುತ್ತಾನೆ. ಈ ಸಲ ಇನ್ನೂ ಜೋರಾಗಿ ಪಲ್ಟಿ.

‘ಶಕ್ತಿ ಸಾಲದು, ಅದಕ್ಕೇ ಬೀಳುತ್ತಿದೆ’ ಎಂಬುದು ವಿಮಾನಗಳ ಬಗ್ಗೆ ನಮ್ಮಲ್ಲಿ ಬಹಳ ಜನಕ್ಕಿರುವ ತಪ್ಪು ಕಲ್ಪನೆ. ವಿಮಾನ ನೆಟ್ಟಗೆ ಹಾರುವುದು ಎಂಜಿನ್ನಿನ ಶಕ್ತಿಯಿಂದಲ್ಲ. ಭಾರ ಎಲ್ಲಿದೆ, ರೆಕ್ಕೆ ಎಲ್ಲಿದೆ, ಬಾಲ ಎಷ್ಟು ದೂರದಲ್ಲಿದೆ ಎಂಬ ಲೆಕ್ಕದಿಂದ. ಈ ಲೆಕ್ಕ ಗೊತ್ತಾದರೆ ಗೇಮ್‌ನಲ್ಲಿ ವಿಮಾನ ಹಾರುತ್ತದೆ. ಅದರ ಜೊತೆಗೆ, ಅರ್ಧ ಖಾಲಿ ಇರುವ ಸಣ್ಣ ವಿಮಾನದಲ್ಲಿ ‘ದಯವಿಟ್ಟು ಹಿಂದಿನ ಸೀಟಿಗೆ ಹೋಗಿ’ ಎಂದು ಸಿಬ್ಬಂದಿ ಹೇಳುವುದೇಕೆ, ವಾಟ್ಸ್ಆ್ಯಪ್‌ನಲ್ಲಿ ಬರುವ ವಿಮಾನ ಅಪಘಾತದ ವಿಡಿಯೊಗಳಲ್ಲಿ ಯಾವ ವಿವರಣೆ ನಂಬಬಹುದು ಎಂಬುದೂ ತಿಳಿಯುತ್ತದೆ.

ಪರದೆಯ ಮೇಲಿನ ಮೂರು ಚೆಂಡುಗಳು

ವಿಮಾನ ಕಟ್ಟುವ ಬಹುತೇಕ ಗೇಮ್‌ಗಳಲ್ಲಿ ಒಂದು ಸೌಲಭ್ಯ ಇರುತ್ತದೆ. ಅದನ್ನು ಒತ್ತಿದರೆ ವಿಮಾನದ ಮೇಲೆ ಬೇರೆ ಬೇರೆ ಬಣ್ಣದ ಮೂರು ಚೆಂಡುಗಳು ಕಾಣುತ್ತವೆ. ಫೋನಿನ ಸಿಂಪಲ್‌ಪ್ಲೇನ್ಸ್‌ನಲ್ಲೂ ಇದೆ, ಕಂಪ್ಯೂಟರಿನ ‘ಕೆರ್ಬಲ್ ಸ್ಪೇಸ್ ಪ್ರೋಗ್ರಾಮ್’ನಲ್ಲೂ ಇದೆ. ಹೊಸದಾಗಿ ಆಡುವವರು ಇದನ್ನು ಗಮನಿಸುವುದೇ ಇಲ್ಲ.

ಮೊದಲನೆಯದು ಭಾರದ ಕೇಂದ್ರ. ಇಡೀ ವಿಮಾನದ ತೂಕವನ್ನು ಒಂದೇ ಬಿಂದುವಿನಲ್ಲಿ ಹಿಡಿದು ಎತ್ತಬೇಕೆಂದರೆ ಆ ಬಿಂದು ಎಲ್ಲಿರಬೇಕು? ಅದೇ ಭಾರದ ಕೇಂದ್ರ. ಸ್ಕೇಲನ್ನು ಬೆರಳ ಮೇಲೆ ಅಡ್ಡಲಾಗಿ ನಿಲ್ಲಿಸುವಾಗ ಬೆರಳು ಇರುವ ಜಾಗ.

ಎರಡನೆಯದು ಲಿಫ್ಟ್ ಕೇಂದ್ರ. ರೆಕ್ಕೆ ಮತ್ತು ಬಾಲ ಸೇರಿ ವಿಮಾನವನ್ನು ಮೇಲಕ್ಕೆತ್ತುವ ಬಲವೆಲ್ಲ ಒಟ್ಟಾಗಿ ಕೆಲಸ ಮಾಡುವ ಜಾಗ.

ಮೂರನೆಯದು ನೂಕುವ ಬಲದ ಕೇಂದ್ರ. ಎಂಜಿನ್‌ಗಳೆಲ್ಲ ಸೇರಿ ಎಲ್ಲಿಂದ ತಳ್ಳುತ್ತಿವೆ ಎಂದು ಅದು ತೋರಿಸುತ್ತದೆ.

ನಿಯಮ ಒಂದೇ ಸಾಲಿನದು: ಭಾರದ ಚೆಂಡು ಮುಂದೆ, ಲಿಫ್ಟ್ ಚೆಂಡು ಅದರ ಸ್ವಲ್ಪ ಹಿಂದೆ. ಪಲ್ಟಿ ಹೊಡೆಯುವ ವಿಮಾನಗಳಲ್ಲಿ ಬಹುತೇಕ ಸಲ ಇದು ಉಲ್ಟಾ ಆಗಿರುತ್ತದೆ.

ಶಟಲ್ ಕಾಕ್ ಹೇಳಿಕೊಡುವ ಪಾಠ

ಬನಶಂಕರಿಯಲ್ಲೋ ಜೆಪಿ ನಗರದಲ್ಲೋ ಬೆಳಿಗ್ಗೆ ಹೊತ್ತು ಶಟಲ್ ಆಡುವವರನ್ನು ನೋಡಿರುತ್ತೀರಿ. ಕಾಕನ್ನು ಹೇಗೇ ಹೊಡೆಯಿರಿ, ಅರೆಗಳಿಗೆಯಲ್ಲಿ ತಿರುಗಿ ಬಿರಟೆಯನ್ನು ಮುಂದೆ ಮಾಡಿಕೊಂಡೇ ಹಾರುತ್ತದೆ. ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಭಾರವೆಲ್ಲ ಮುಂದಿನ ಬಿರಟೆಯಲ್ಲಿದೆ, ಗಾಳಿ ಹಿಡಿಯುವ ಗರಿ ಹಿಂದಿದೆ. ಕಾಕ್ ಸ್ವಲ್ಪ ಓರೆಯಾದರೆ ಗರಿಗಳ ಮೇಲೆ ಗಾಳಿ ಹೆಚ್ಚು ಬಡಿದು ಹಿಂಭಾಗವನ್ನು ಮತ್ತೆ ಹಿಂದಕ್ಕೇ ತಳ್ಳುತ್ತದೆ. ಬಾಣದ ಗರಿ, ಗಾಳಿಪಟದ ಬಾಲಂಗೋಚಿ ಮಾಡುವುದೂ ಇದೇ ಕೆಲಸ.

ಈಗ ವಿಮಾನಕ್ಕೆ ಬನ್ನಿ. ಹಾರುವಾಗ ಒಂದು ಗಾಳಿಯ ಹೊಡೆತಕ್ಕೆ ಮೂತಿ ತುಸು ಮೇಲೆದ್ದಿತು ಎನ್ನಿ. ರೆಕ್ಕೆ, ಬಾಲ ಎರಡೂ ಗಾಳಿಗೆ ಇನ್ನಷ್ಟು ಓರೆಯಾಗುವುದರಿಂದ ಲಿಫ್ಟ್ ಹೆಚ್ಚುತ್ತದೆ. ಈ ಹೆಚ್ಚಿದ ಲಿಫ್ಟ್ ಭಾರದ ಕೇಂದ್ರದ ಹಿಂದೆ ಕೆಲಸ ಮಾಡಿದರೆ ವಿಮಾನದ ಹಿಂಭಾಗ ಮೇಲೇಳುತ್ತದೆ, ಮೂತಿ ತಾನಾಗಿಯೇ ಕೆಳಗಿಳಿಯುತ್ತದೆ. ಪೈಲಟ್ ಏನೂ ಮಾಡಬೇಕಿಲ್ಲ. ಇದನ್ನೇ ಎಂಜಿನಿಯರುಗಳು ಸ್ಥಿರತೆ ಎನ್ನುವುದು.

ಅದೇ ಲಿಫ್ಟ್ ಭಾರದ ಕೇಂದ್ರದ ಮುಂದೆ ಇದ್ದರೆ? ಮೂತಿ ತುಸು ಎದ್ದಾಗ ಹೆಚ್ಚುವ ಲಿಫ್ಟ್ ಮೂತಿಯನ್ನೇ ಇನ್ನೂ ಮೇಲಕ್ಕೆತ್ತುತ್ತದೆ. ಆಗ ಲಿಫ್ಟ್ ಇನ್ನೂ ಹೆಚ್ಚುತ್ತದೆ, ಮೂತಿ ಇನ್ನೂ ಏಳುತ್ತದೆ. ಒಂದೆರಡು ಸೆಕೆಂಡಿನಲ್ಲಿ ಕೆಲಸ ಕೈಮೀರುತ್ತದೆ. ನಮ್ಮ ಹುಡುಗನ ವಿಮಾನಕ್ಕೆ ಆಗಿದ್ದು ಇದು. ಅವನು ಸೇರಿಸಿದ ಎರಡನೇ ಎಂಜಿನ್ ಎಲ್ಲಿ ಕೂತಿತು? ಹಿಂದೆ. ಭಾರದ ಚೆಂಡು ಮತ್ತಷ್ಟು ಹಿಂದಕ್ಕೆ ಹೋಯಿತು. ಸ್ಕೂಟರಿನ ಹಿಂದೆ ಅಳತೆ ಮೀರಿ ಮೂಟೆ ಕಟ್ಟಿದರೆ ಹ್ಯಾಂಡಲ್ ಹಗುರಾಗಿ ಮುಂದಿನ ಚಕ್ರ ಏಳುವಂತಾಗುತ್ತದಲ್ಲ, ಹಿಂಭಾರ ಆಕಾಶದಲ್ಲಿ ಅದಕ್ಕಿಂತ ಅಪಾಯ.

ಹಾಗಾದರೆ ಭಾರವನ್ನೆಲ್ಲ ಮೂತಿಗೇ ಹಾಕಿದರೆ ಆಯಿತಲ್ಲ?

ಇಲ್ಲ. ಅದೂ ತಪ್ಪೇ. ಮೂತಿಯ ಭಾರ ಅತಿಯಾದರೆ ವಿಮಾನ ಹಟಮಾರಿಯಾಗುತ್ತದೆ. ರನ್‌ವೇ ಮುಗಿದರೂ ಮೂತಿ ಏಳುವುದಿಲ್ಲ. ಎದ್ದರೂ, ಇಳಿಯುವಾಗ ಕೊನೆಯ ಕ್ಷಣದಲ್ಲಿ ಮೂತಿ ಎತ್ತಲು ಬಾಲಕ್ಕೆ ಶಕ್ತಿ ಸಾಲುವುದಿಲ್ಲ. ಮೂತಿಯನ್ನು ಎತ್ತಿ ಹಿಡಿಯಲು ಬಾಲ ಸದಾ ಕೆಳಕ್ಕೆ ಒತ್ತುತ್ತಲೇ ಇರಬೇಕು. ಆ ಒತ್ತಡವೂ ಒಂದು ತೂಕದ ಹಾಗೆಯೇ, ಅದನ್ನೂ ರೆಕ್ಕೆಯೇ ಹೊರಬೇಕು. ಇಂಧನ ದಂಡ.

ಸಣ್ಣ ವಿಮಾನಗಳಲ್ಲಿ ಈ ಎರಡು ಬಿಂದುಗಳ ನಡುವಿನ ಅಂತರ ಸಾಮಾನ್ಯವಾಗಿ ರೆಕ್ಕೆಯ ಅಗಲದ 5ರಿಂದ 15 ಶೇಕಡಾ ಇರುತ್ತದೆ. ಅಗಲ ಎಂದರೆ ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿಗಿರುವ ಅಳತೆ. ರೆಕ್ಕೆಯ ಅಗಲ ಒಂದೂವರೆ ಮೀಟರ್ ಇದ್ದರೆ 10 ಶೇಕಡಾ ಎಂದರೆ 15 ಸೆಂಟಿಮೀಟರ್. ಒಂದು ಗೇಣಿಗಿಂತ ಕಡಿಮೆ! ಟನ್ನುಗಟ್ಟಲೆ ತೂಗುವ ವಿಮಾನಗಳ ಸ್ವಭಾವವೂ ಹೀಗೆ ಸಣ್ಣ ಅಂತರದ ಮೇಲೆಯೇ ನಿಂತಿರುತ್ತದೆ.

ಗೇಮ್‌ನಲ್ಲಿ ಮಾಡಬೇಕಾದ್ದು ಇಷ್ಟೇ: ಎರಡು ಚೆಂಡುಗಳು ಒಂದಕ್ಕೊಂದು ಅಂಟಿಕೊಂಡಂತೆ ಇರಲಿ, ಲಿಫ್ಟ್ ಚೆಂಡು ಕೊಂಚ ಹಿಂದಿರಲಿ. ಇಂಧನದ ಟ್ಯಾಂಕನ್ನು ಭಾರದ ಚೆಂಡಿನ ಹತ್ತಿರವೇ ಇಡಿ. ಬಾಲದ ಹತ್ತಿರ ಇಟ್ಟರೆ ಇಂಧನ ಖಾಲಿಯಾದಂತೆ ಭಾರದ ಕೇಂದ್ರ ಮುಂದಕ್ಕೆ ಜರುಗುತ್ತದೆ. ಮೂತಿಯಲ್ಲಿಟ್ಟರೆ ಹಿಂದಕ್ಕೆ ಜರುಗುತ್ತದೆ. ಹೊರಟಾಗ ಚೆನ್ನಾಗಿದ್ದ ವಿಮಾನ ಹತ್ತು ನಿಮಿಷದ ನಂತರ ಪಲ್ಟಿ ಹೊಡೆದರೆ ಕಾರಣ ಇದೇ ಇರಬಹುದು. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನದಲ್ಲಿ ಭಾರದ ಕೇಂದ್ರವನ್ನು ಸರಿಯಾದ ಜಾಗದಲ್ಲಿಡಲು ಇಂಧನವನ್ನೇ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಪಂಪ್ ಮಾಡುತ್ತಿದ್ದರು.

ಬಾಲ ಅಲಂಕಾರಕ್ಕಲ್ಲ

ಬಾಗಿಲನ್ನು ಕೀಲಿನ ಪಕ್ಕದಲ್ಲಿ ತಳ್ಳಿ ನೋಡಿ, ಕಷ್ಟ. ಹಿಡಿಯ ಹತ್ತಿರ ತಳ್ಳಿದರೆ ಒಂದು ಬೆರಳು ಸಾಕು. ವಿಮಾನದ ಬಾಲವೂ ಹಾಗೆಯೇ. ಭಾರದ ಕೇಂದ್ರದಿಂದ ದೂರ ಇದ್ದಷ್ಟೂ ಸಣ್ಣ ಬಾಲಕ್ಕೆ ದೊಡ್ಡ ಹಿಡಿತ. ಗಿಡ್ಡ ವಿಮಾನಕ್ಕೆ ದೊಡ್ಡ ಬಾಲ ಬೇಕು, ಉದ್ದನೆಯದಕ್ಕೆ ಚಿಕ್ಕದು ಸಾಕು. ಸೆಸ್ನಾ 172 ಎಂಬ ಜನಪ್ರಿಯ ತರಬೇತಿ ವಿಮಾನದಲ್ಲಿ ಅಡ್ಡಬಾಲದ ವಿಸ್ತೀರ್ಣ ರೆಕ್ಕೆಯ ಸುಮಾರು ಐದನೇ ಒಂದು ಭಾಗ. ಗೇಮ್‌ನಲ್ಲಿ ಮೊದಲ ವಿಮಾನ ಕಟ್ಟುವವರು ಈ ಅಳತೆಯಿಂದಲೇ ಶುರು ಮಾಡಬಹುದು.

ನೆಟ್ಟಗೆ ನಿಂತಿರುವ ಬಾಲ ಎಡಬಲದ ದಿಕ್ಕು ಕಾಯುತ್ತದೆ. ಮಾಳಿಗೆಯ ಮೇಲಿನ ಗಾಳಿಕೋಳಿ ಗಾಳಿಯತ್ತ ಮುಖ ಮಾಡುವುದು ಹೇಗೋ ಇದೂ ಹಾಗೆಯೇ. ಇದು ಚಿಕ್ಕದಾದರೆ ವಿಮಾನದ ಹಿಂಭಾಗ ಒದ್ದೆ ರಸ್ತೆಯ ಮೇಲಿನ ಬೈಕಿನಂತೆ ಜಾರುತ್ತದೆ.

ಒಂದು ಪಕ್ಕಕ್ಕೆ ವಾಲಿಕೊಂಡೇ ಹೋಗುವುದು ಇನ್ನೊಂದು ಸಮಸ್ಯೆ. ಪ್ರಯಾಣಿಕರ ವಿಮಾನವನ್ನು ಎದುರಿನಿಂದ ನೋಡಿದರೆ ರೆಕ್ಕೆಗಳು ತುದಿಯ ಕಡೆಗೆ ಸ್ವಲ್ಪ ಮೇಲೆದ್ದು ಅಗಲವಾದ ‘ವಿ’ ಆಕಾರದಲ್ಲಿರುತ್ತವೆ. ವಿಮಾನ ಒಂದು ಕಡೆ ವಾಲಿ ಆ ಕಡೆಗೆ ಜಾರತೊಡಗಿದಾಗ ಕೆಳಗಿಳಿದ ರೆಕ್ಕೆಗೆ ಗಾಳಿ ಹೆಚ್ಚು ಓರೆಯಾಗಿ ಬಡಿಯುತ್ತದೆ, ಆ ರೆಕ್ಕೆ ಮತ್ತೆ ಮೇಲೇಳುತ್ತದೆ. ಗೇಮ್‌ನಲ್ಲಿ ರೆಕ್ಕೆಯ ತುದಿಯನ್ನು ಕೆಲವು ಡಿಗ್ರಿ ಎತ್ತಿದರೆ ಸಾಕು, ವ್ಯತ್ಯಾಸ ಕೂಡಲೇ ಕಾಣುತ್ತದೆ.

ಎಂಜಿನ್ ಬಗ್ಗೆ ಎರಡು ತಪ್ಪು ಕಲ್ಪನೆ

ಮೊದಲನೆಯದು: ‘ದೊಡ್ಡ ಎಂಜಿನ್ ಹಾಕಿದರೆ ಯಾವುದು ಬೇಕಾದರೂ ಹಾರುತ್ತದೆ.’ ಮೇಲೇನೋ ಏಳಬಹುದು, ಹಾರಾಟ ನಿಮ್ಮ ಕೈಯಲ್ಲಿರುವುದಿಲ್ಲ. ಎಂಜಿನ್ ಭಾರದ ಕೇಂದ್ರಕ್ಕಿಂತ ಮೇಲೆ ಕೂತಿದ್ದರೆ ಅದು ತಳ್ಳಿದಾಗ ಮೂತಿ ಕೆಳಗಾಗುತ್ತದೆ. ಕೆಳಗೆ ಕೂತಿದ್ದರೆ ಮೂತಿ ಮೇಲಾಗುತ್ತದೆ. ನೂಕುವ ಬಲದ ಚೆಂಡು ಭಾರದ ಚೆಂಡಿನ ಸಾಲಿನಲ್ಲೇ ಇದ್ದರೆ ಈ ಕಾಟ ಇಲ್ಲ. ಎಂಜಿನ್ ದೊಡ್ಡದಾದಷ್ಟೂ ಈ ತಪ್ಪು ದೊಡ್ಡದಾಗಿ ಕಾಣುತ್ತದೆ.

ಜೊತೆಗೆ ತೂಕದ ಪ್ರಶ್ನೆ. ಪ್ರತಿ ಚದರ ಮೀಟರ್ ರೆಕ್ಕೆ ಎಷ್ಟು ಕಿಲೋ ಹೊರಬೇಕು? 1,111 ಕೆಜಿ ತೂಗುವ ಸೆಸ್ನಾ 172ಕ್ಕೆ 16.2 ಚದರ ಮೀಟರ್ ರೆಕ್ಕೆ, ಅಂದರೆ ಸುಮಾರು 69 ಕೆಜಿ. ಸುಮಾರು 79 ಟನ್‌ವರೆಗೆ ತೂಗುವ ಬೋಯಿಂಗ್ 737-800ರಲ್ಲಿ ಇದು 630 ಕೆಜಿ ದಾಟುತ್ತದೆ. ಒಂಬತ್ತು ಪಟ್ಟು. ಲಿಫ್ಟ್ ವೇಗದ ವರ್ಗದ ಲೆಕ್ಕದಲ್ಲಿ ಹೆಚ್ಚುವುದರಿಂದ, ಬೇರೆಲ್ಲ ಒಂದೇ ಇದ್ದರೆ, ಗಾಳಿಯಲ್ಲಿ ನಿಲ್ಲಲು ಅದಕ್ಕೆ ಮೂರು ಪಟ್ಟು ವೇಗ ಬೇಕು. ಅದಕ್ಕೇ ಇಳಿಯುವಾಗ ಜೆಟ್ ವಿಮಾನದ ರೆಕ್ಕೆಯ ಹಿಂದಿನಿಂದ ಫ್ಲ್ಯಾಪ್‌ಗಳು ಚಾಚಿಕೊಳ್ಳುವುದು. ಗೇಮ್‌ನಲ್ಲಿ ಚಿಕ್ಕ ರೆಕ್ಕೆಗೆ ದೊಡ್ಡ ಒಡಲು ಸಿಕ್ಕಿಸಿದರೆ ಹಾರುವುದು ಹೋಗಲಿ, ಇಳಿಸುವುದಕ್ಕೇ ಆಗುವುದಿಲ್ಲ.

ಎರಡನೆಯದು: ‘ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುತ್ತದೆ.’ ಸುಳ್ಳು. ಸರಿಯಾಗಿ ಕಟ್ಟಿದ ವಿಮಾನ ಎಂಜಿನ್ ಇಲ್ಲದೆಯೂ ತೇಲುತ್ತಾ ಇಳಿಯುತ್ತದೆ. 1983ರ ಜುಲೈ 23ರಂದು ಕೆನಡಾದಲ್ಲಿ ಏರ್ ಕೆನಡಾದ ಬೋಯಿಂಗ್ 767 ವಿಮಾನದ ಇಂಧನ 41,000 ಅಡಿ ಎತ್ತರದಲ್ಲಿ ಖಾಲಿಯಾಗಿ ಎರಡೂ ಎಂಜಿನ್ ನಿಂತವು. ಪೈಲಟ್‌ಗಳು ಅದನ್ನು ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಎಲ್ಲರೂ ಬದುಕಿದರು.

ನಮ್ಮ ಬೆಂಗಳೂರಿನಲ್ಲೇ ಇದಕ್ಕಿಂತ ಹಳೆಯ ಉದಾಹರಣೆ ಇದೆ. ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಎಚ್‌ಎಎಲ್ ‘ಮಾರುತ್’ ಯುದ್ಧವಿಮಾನ ರೂಪಿಸುತ್ತಿದ್ದಾಗ, ಜೆಟ್ ಎಂಜಿನ್ ಹಾಕುವ ಮುಂಚೆ ಅದೇ ಅಳತೆಯ ಮರದ ಗ್ಲೈಡರ್ ಕಟ್ಟಿ, ಇನ್ನೊಂದು ವಿಮಾನಕ್ಕೆ ಕಟ್ಟಿ ಎಳೆಸಿ, 1959ರಲ್ಲಿ ಹಾರಿಸಿ ನೋಡಿದರು. ಎಂಜಿನ್ ಇಲ್ಲದೆ ನೆಟ್ಟಗೆ ನಿಲ್ಲುತ್ತದೆಯೇ, ಹೇಳಿದಂತೆ ಕೇಳುತ್ತದೆಯೇ ಎಂಬುದು ಮೊದಲು ಗೊತ್ತಾಗಬೇಕಿತ್ತು. ಮಾರುತ್ ಎಂಜಿನ್ ಸಮೇತ ಹಾರಿದ್ದು 1961ರ ಜೂನ್‌ನಲ್ಲಿ. ಗೇಮ್‌ನಲ್ಲೂ ಇದೇ ಪರೀಕ್ಷೆ ಮಾಡಿ: ಎತ್ತರಕ್ಕೆ ಹೋಗಿ ಎಂಜಿನ್ ಆರಿಸಿ, ಕೈ ಬಿಡಿ. ವಿಮಾನ ತೇಲಿದರೆ ನಿಮ್ಮ ಲೆಕ್ಕ ಸರಿ.

ರೆಕ್ಕೆಯ ಬಗ್ಗೆ ಪಾಠಗಳಲ್ಲೂ ಸೇರಿಕೊಂಡ ತಪ್ಪು

‘ರೆಕ್ಕೆಯ ಮೇಲ್ಭಾಗ ಉಬ್ಬಿರುವುದರಿಂದ ಮೇಲಿನ ಗಾಳಿ ಹೆಚ್ಚು ದೂರ ಹೋಗಬೇಕು. ಕೆಳಗಿನ ಗಾಳಿಯನ್ನು ಅದೇ ಹೊತ್ತಿಗೆ ಸೇರಿಕೊಳ್ಳಲು ಅದು ಓಡುತ್ತದೆ, ಅದಕ್ಕೇ ಲಿಫ್ಟ್ ಬರುತ್ತದೆ.’ ನಮ್ಮಲ್ಲಿ ಅನೇಕರು ಇದನ್ನೇ ಕಲಿತಿದ್ದೇವೆ. ಆದರೆ ಮೇಲಿನ ಗಾಳಿ ಕೆಳಗಿನ ಗಾಳಿಯನ್ನು ಕಾದು ಸೇರಿಕೊಳ್ಳಬೇಕು ಎಂಬ ಯಾವ ನಿಯಮವೂ ಇಲ್ಲ. ಗಾಳಿ ಸುರಂಗದಲ್ಲಿ ನೋಡಿದರೆ ಮೇಲಿನ ಗಾಳಿ ಕೆಳಗಿನದಕ್ಕಿಂತ ಮೊದಲೇ ದಾಟಿಹೋಗುತ್ತದೆ.

ಏರೋ ಇಂಡಿಯಾ ಹೊತ್ತಿಗೆ ಯಲಹಂಕದಲ್ಲಿ ಸೂರ್ಯಕಿರಣ್ ತಂಡದ ವಿಮಾನ ತಲೆಕೆಳಗಾಗಿ ಹಾರುವುದನ್ನು ನೋಡಿದ್ದೀರಾ? ಉಬ್ಬಿದ ಆಕಾರವೊಂದೇ ಕಾರಣವಾಗಿದ್ದರೆ ಅದು ನೆಲಕ್ಕೆ ಬೀಳಬೇಕಿತ್ತು. ನಿಜ ಏನೆಂದರೆ ರೆಕ್ಕೆ ಗಾಳಿಗೆ ತುಸು ಓರೆಯಾಗಿ ನಿಂತು ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ. ಗಾಳಿ ಕೆಳಕ್ಕೆ, ರೆಕ್ಕೆ ಮೇಲಕ್ಕೆ. ಮೇಲಿನ ಒತ್ತಡ ಕಡಿಮೆ ಇರುವುದೂ ನಿಜವೇ, ಆದರೆ ‘ಒಟ್ಟಿಗೆ ಸೇರಬೇಕು’ ಎಂಬ ಕಾರಣ ಕಟ್ಟುಕಥೆ. ಸಿಂಪಲ್‌ಪ್ಲೇನ್ಸ್‌ನಲ್ಲಿ ಮೇಲೆ ಕೆಳಗೆ ಒಂದೇ ಆಕಾರವಿರುವ ರೆಕ್ಕೆಯನ್ನು ಆರಿಸಿ ನೋಡಿ, ಅದೂ ಹಾರುತ್ತದೆ.

ಈ ಓರೆ ಮಿತಿ ಮೀರಿದರೆ ಗಾಳಿ ರೆಕ್ಕೆಯ ಮೇಲ್ಮೈಯನ್ನು ಬಿಟ್ಟುಹೋಗಿ ಲಿಫ್ಟ್ ಕುಸಿಯುತ್ತದೆ. ಇದನ್ನು ಸ್ಟಾಲ್ ಎನ್ನುತ್ತಾರೆ. ಕಾರು ಸ್ಟಾಲ್ ಆದರೆ ಎಂಜಿನ್ ನಿಲ್ಲುತ್ತದೆ. ವಿಮಾನ ಸ್ಟಾಲ್ ಆದಾಗ ಎಂಜಿನ್ ಓಡುತ್ತಲೇ ಇರಬಹುದು, ರೆಕ್ಕೆ ಕೆಲಸ ನಿಲ್ಲಿಸಿರುತ್ತದೆ. ಸುದ್ದಿಯಲ್ಲಿ ‘ಸ್ಟಾಲ್’ ಎಂದು ಓದಿದಾಗ ಇದು ನೆನಪಿರಲಿ.

ಬೆಂಗಳೂರಿನ ಎಂಜಿನಿಯರುಗಳಿಗೂ ಬೆವರಿಳಿಸಿದ ಬಾಲ

‘ಇದೆಲ್ಲ ಆಟದ ಮಾತು, ನಿಜವಾದ ಎಂಜಿನಿಯರುಗಳಿಗೆ ಕಂಪ್ಯೂಟರ್ ಇದೆ, ಅವರಿಗೆ ಇಂಥ ತೊಂದರೆ ಬರುವುದಿಲ್ಲ’ ಎನಿಸಬಹುದು. ನಮ್ಮ ಊರಿನ ಎಚ್‌ಜೆಟಿ-36 ವಿಮಾನದ ಕಥೆ ಕೇಳಿ.

ವಾಯುಪಡೆಯ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ‘ಕಿರಣ್’ ವಿಮಾನದ ಜಾಗಕ್ಕೆಂದು ಎಚ್‌ಎಎಲ್ ಇದನ್ನು ರೂಪಿಸಿತು. ಮೊದಲ ಹಾರಾಟ 2003ರ ಮಾರ್ಚ್ 7ರಂದು. ಹಾರಿತು, ಚೆನ್ನಾಗಿಯೇ ಹಾರಿತು. ತೊಡಕು ಬಂದದ್ದು ಸ್ಟಾಲ್ ಮತ್ತು ಸ್ಪಿನ್ ಪರೀಕ್ಷೆಗಳಲ್ಲಿ. ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಸ್ಟಾಲ್ ಆದರೆ ವಿಮಾನ ಬುಗುರಿಯಂತೆ ಸುತ್ತುತ್ತಾ ಕೆಳಗಿಳಿಯುತ್ತದೆ, ಅದು ಸ್ಪಿನ್. ಕಲಿಯುವವರು ತಪ್ಪು ಮಾಡಿಯೇ ಮಾಡುತ್ತಾರೆ. ಆದ್ದರಿಂದ ತರಬೇತಿ ವಿಮಾನ ಸ್ಪಿನ್‌ಗೆ ಹೋಗಿಯೂ ಪೈಲಟ್ ಹೇಳಿದಂತೆ ಹೊರಬರಲೇಬೇಕು. ಎಚ್‌ಜೆಟಿ-36 ಸ್ಪಿನ್‌ನಲ್ಲಿ ಅಂದುಕೊಂಡಂತೆ ವರ್ತಿಸಲಿಲ್ಲ. 2016ರಲ್ಲಿ ಹಾರಾಟ ಪರೀಕ್ಷೆ ನಿಲ್ಲಿಸಬೇಕಾಯಿತು.

ಪರಿಹಾರವಾಗಿ ಇನ್ನೊಂದು ಎಂಜಿನ್ ಹಾಕಿದರೇ? ಇಲ್ಲ. ಗಾಳಿ ಸುರಂಗದ ಪರೀಕ್ಷೆ, ಕಂಪ್ಯೂಟರ್ ಲೆಕ್ಕಗಳ ನಂತರ ಮುಖ್ಯವಾಗಿ ಮಾಡಿದ್ದು ಎರಡು ಕೆಲಸ: ನಿಂತಿರುವ ಬಾಲದ ಜಾಗ ಬದಲಿಸಿದರು, ರಡ್ಡರ್ ದೊಡ್ಡದು ಮಾಡಿದರು. ರಡ್ಡರ್ ಎಂದರೆ ಆ ಬಾಲದ ಹಿಂದೆ ಎಡಬಲಕ್ಕೆ ಆಡುವ ಹಲಗೆ. ಸ್ಪಿನ್ ನಿಲ್ಲಿಸುವ ಮುಖ್ಯ ಸಾಧನ ಅದೇ. ಮುಂದಿನ ಭಾಗಗಳು ಕದಡಿದ ಗಾಳಿಯಲ್ಲಿ ಅದು ಮುಚ್ಚಿಹೋದರೆ ಪೈಲಟ್ ಎಷ್ಟು ಒದ್ದರೂ ಫಲವಿಲ್ಲ. ಬದಲಾದ ವಿಮಾನ 2019ರ ಏಪ್ರಿಲ್ 17ರಂದು ಮತ್ತೆ ಹಾರಿತು. ಅಕಸ್ಮಾತ್ ಸ್ಪಿನ್‌ನಿಂದ ಹೊರಬರದಿದ್ದರೆ ಎಂದು ಅದಕ್ಕೊಂದು ವಿಶೇಷ ಪ್ಯಾರಾಚೂಟ್ ಕೂಡ ಜೋಡಿಸಿದ್ದರು. 2022ರ ಜನವರಿಯಲ್ಲಿ ಎಡಕ್ಕೂ ಬಲಕ್ಕೂ ಆರು ಸುತ್ತಿನ ಸ್ಪಿನ್ ಮಾಡಿ ಹೊರಬಂದದ್ದನ್ನು ಎಚ್‌ಎಎಲ್ ಪ್ರಕಟಿಸಿತು. 2025ರಲ್ಲಿ ವಿಮಾನಕ್ಕೆ ‘ಯಶಸ್’ ಎಂದು ಹೆಸರಿಟ್ಟರು. ಮೊದಲ ಹಾರಾಟದಿಂದ ಆರು ಸುತ್ತಿನ ಸ್ಪಿನ್‌ವರೆಗೆ ಸುಮಾರು 19 ವರ್ಷ.

ಗೇಮ್‌ನಲ್ಲಿ ಬಿದ್ದರೆ ಮತ್ತೆ ಶುರು ಮಾಡುವ ಬಟನ್ ಇದೆ. ಪರೀಕ್ಷಾ ಪೈಲಟ್‌ಗಳಿಗೆ ಅದಿಲ್ಲ. ಬೆಂಗಳೂರಿನ ಎನ್‌ಎಎಲ್ ರೂಪಿಸಿದ ‘ಸರಸ್’ ವಿಮಾನ 2009ರ ಮಾರ್ಚ್ 6ರಂದು ಬಿಡದಿ ಬಳಿ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣ ಬಿಟ್ಟರು. ಅದು ಎಂಜಿನ್ ಒಂದನ್ನು ಗಾಳಿಯಲ್ಲೇ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆಯ ಹೊತ್ತು. ಕಾರಣ ಬೇರೆಯೇ ಇತ್ತು. ಆದರೆ ಹೊಸ ವಿಮಾನವನ್ನು ಜನರ ಕೈಗೆ ಕೊಡುವ ಮುಂಚೆ ಯಾರೋ ಕೂತು ಅದರ ತಪ್ಪು ಹುಡುಕಬೇಕು, ಆ ಕೆಲಸಕ್ಕೆ ಎಂಥ ಬೆಲೆ ಇದೆ ಎಂಬುದು ಆ ದಿನ ಗೊತ್ತಾಯಿತು. ‘ಇಷ್ಟು ವರ್ಷ ಏನು ಮಾಡುತ್ತಿದ್ದಾರೆ’ ಎಂದು ಗೇಲಿ ಮಾಡುವ ಸಂದೇಶ ಕಳಿಸುವ ಮುಂಚೆ ಇದನ್ನೂ ನೆನೆಯಬೇಕು.

ಹಾಗಾದರೆ ತೇಜಸ್ ಅಸ್ಥಿರ ಎನ್ನುತ್ತಾರಲ್ಲ?

ಹೌದು, ಅದು ದೋಷವಲ್ಲ. ಬೇಕೆಂದೇ ಹಾಗೆ ಮಾಡಿರುವುದು. ತುಂಬಾ ಸ್ಥಿರವಾದ ವಿಮಾನ ಎತ್ತಿನ ಗಾಡಿಯಂತೆ, ದಾರಿ ಬಿಡುವುದಿಲ್ಲ, ಬೇಗ ತಿರುಗುವುದೂ ಇಲ್ಲ. ಯುದ್ಧವಿಮಾನ ಚಕಚಕನೆ ತಿರುಗಬೇಕು. ಅದಕ್ಕೇ ತೇಜಸ್‌ನಲ್ಲಿ ಸ್ಥಿರತೆಯನ್ನು ಬಿಟ್ಟುಕೊಟ್ಟು, ಕ್ಷಣಕ್ಷಣಕ್ಕೂ ತಿದ್ದುವ ಕೆಲಸವನ್ನು ಕಂಪ್ಯೂಟರಿಗೆ ವಹಿಸಿದ್ದಾರೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ನಾಲ್ಕು ಪಟ್ಟು ವ್ಯವಸ್ಥೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಅದು ಮೊದಲು ಹಾರಿದಾಗ ಪರೀಕ್ಷೆಗೆ ಒಳಗಾದದ್ದು ಬರೀ ರೆಕ್ಕೆ, ಎಂಜಿನ್ ಅಲ್ಲ, ಆ ಕಂಪ್ಯೂಟರ್ ಕೂಡ.

ಗೇಮ್‌ನಲ್ಲೂ ಗೈರೋಸ್ಕೋಪ್ ಎಂಬ ಭಾಗ ಸಿಗುತ್ತದೆ. ಅದನ್ನು ಸಿಕ್ಕಿಸಿದರೆ ಎಂಥ ವಕ್ರ ವಿಮಾನವೂ ನೆಟ್ಟಗೆ ನಿಲ್ಲುತ್ತದೆ. ನಿಜವಾದ ವಿಮಾನದಂತೆ ಹಾರಬೇಕು ಎನ್ನುವವರು ಮೊದಲು ಅದಿಲ್ಲದೆ ಹಾರಿಸಿ ನೋಡಬೇಕು. ಇಲ್ಲದಿದ್ದರೆ ತಪ್ಪು ಮುಚ್ಚಿಹೋಗುತ್ತದೆಯೇ ಹೊರತು ಸರಿಯಾಗುವುದಿಲ್ಲ.

‘ಹಿಂದಿನ ಸೀಟಿಗೆ ಹೋಗಿ’ ಎಂದರೆ ಗಾಬರಿ ಬೇಡ

ಬೆಂಗಳೂರಿನಿಂದ ರಾಜ್ಯದ ಬೇರೆ ಊರುಗಳಿಗೆ ಹೋಗುವ ಎಟಿಆರ್ ತರಹದ ಸಣ್ಣ ವಿಮಾನಗಳಲ್ಲಿ 70ರ ಆಸುಪಾಸು ಸೀಟು. ಅರ್ಧ ಖಾಲಿ ಇದ್ದಾಗ ಎಲ್ಲರೂ ಮುಂದೆಯೇ ಕೂತರೆ ಅಥವಾ ಹಿಂದೆಯೇ ಕೂತರೆ ಭಾರದ ಕೇಂದ್ರ ಜರುಗುತ್ತದೆ. ಅದಕ್ಕೇ ಸಿಬ್ಬಂದಿ ಕೆಲವರನ್ನು ಬೇರೆ ಸೀಟಿಗೆ ಕಳಿಸುತ್ತಾರೆ. ವಿಮಾನ ಹಳೆಯದು, ಕೆಟ್ಟಿದೆ ಎಂದು ಇದರ ಅರ್ಥವಲ್ಲ. ಪ್ರತಿ ಹಾರಾಟಕ್ಕೂ ಪ್ರಯಾಣಿಕರು, ಲಗೇಜು, ಇಂಧನ ಎಲ್ಲಿ ಎಷ್ಟಿದೆ ಎಂದು ಲೆಕ್ಕ ಹಾಕಿ, ಭಾರದ ಕೇಂದ್ರ ಮಿತಿಯೊಳಗಿದೆ ಎಂದು ಖಚಿತವಾದ ಮೇಲೆಯೇ ವಿಮಾನ ಹೊರಡುವುದು. ಎಟಿಆರ್ ನಿಂತಿರುವಾಗ ಬಾಲದ ಕೆಳಗೆ ಒಂದು ಊರುಗೋಲು ಇಡುವುದನ್ನೂ ನೋಡಬಹುದು. ಜನ ಹಿಂದಿನ ಬಾಗಿಲಿನಿಂದ ಹತ್ತುವಾಗ ವಿಮಾನ ಹಿಂದಕ್ಕೆ ವಾಲಬಾರದೆಂಬ ಮುನ್ನೆಚ್ಚರಿಕೆ ಅದು. ಸೀಟು ಬದಲಿಸಲು ಹೇಳಿದರೆ ಬದಲಿಸಿ. ಹೊರಟ ಮೇಲೆ ‘ಕಿಟಕಿ ಸೀಟು ಖಾಲಿ ಇದೆ’ ಎಂದು ಕೇಳದೆ ಮತ್ತೆ ಮುಂದಕ್ಕೆ ಬರಬೇಡಿ.

ದೊಡ್ಡ ಸರಕು ವಿಮಾನ ಮೇಲೇಳುತ್ತಲೇ ಮೂತಿ ಎತ್ತಿ ನಿಂತು ಕೆಳಗೆ ಬೀಳುವ ಒಂದು ವಿಡಿಯೊ ಆಗಾಗ ಫೋನಿಗೆ ಬರುತ್ತದೆ. ಅದು 2013ರ ಏಪ್ರಿಲ್ 29ರಂದು ಅಫ್ಗಾನಿಸ್ತಾನದ ಬಗ್ರಾಮ್‌ನಲ್ಲಿ ಬಿದ್ದ ಬೋಯಿಂಗ್ 747. ಒಳಗಿದ್ದ ಏಳೂ ಜನ ಸತ್ತರು. ‘ಭಾರ ಹಿಂದಕ್ಕೆ ಸರಿದದ್ದೇ ಕಾರಣ’ ಎಂದಷ್ಟೇ ಅದರ ಜೊತೆ ಬರೆದಿರುತ್ತದೆ. ಅರ್ಧ ನಿಜ. ಸರಿಯಾಗಿ ಬಿಗಿಯದ ಸೇನಾ ವಾಹನ ಬಿಚ್ಚಿಕೊಂಡು ಹಿಂದಕ್ಕೆ ಜಾರಿ, ಹಿಂದಿನ ಗೋಡೆ ಒಡೆದು, ಬಾಲವನ್ನು ಆಡಿಸುವ ಯಂತ್ರಭಾಗಗಳನ್ನೇ ಹಾಳು ಮಾಡಿತ್ತು. ಭಾರವನ್ನು ತಡೆದು ಹಿಡಿಯಬೇಕಾದ ಬಾಲವೇ ಕೆಲಸಕ್ಕೆ ಬಾರದಂತಾಯಿತು.

ಹಾರಿಸುವ ಮುಂಚೆ ಇದಿಷ್ಟು ನೋಡಿ

1. ಭಾರದ ಚೆಂಡು ಲಿಫ್ಟ್ ಚೆಂಡಿಗಿಂತ ಸ್ವಲ್ಪ ಮುಂದಿದೆಯೇ? ಟ್ಯಾಂಕ್ ತುಂಬಿದಾಗಲೂ ಖಾಲಿ ಇದ್ದಾಗಲೂ ನೋಡಿ.

2. ನೂಕುವ ಬಲದ ಚೆಂಡು ಭಾರದ ಚೆಂಡಿನಷ್ಟೇ ಎತ್ತರದಲ್ಲಿದೆಯೇ?

3. ಅಡ್ಡಬಾಲ ರೆಕ್ಕೆಯ ಐದನೇ ಒಂದು ಭಾಗದಷ್ಟಾದರೂ ಇದೆಯೇ, ಸಾಕಷ್ಟು ಹಿಂದಿದೆಯೇ?

4. ರೆಕ್ಕೆಯ ತುದಿ ಕೆಲವು ಡಿಗ್ರಿ ಮೇಲೆದ್ದಿದೆಯೇ?

5. ಮೂತಿಯ ಕೆಳಗೆ ಒಂದು ಚಕ್ರ, ಹಿಂದೆ ಎರಡು ಇದ್ದರೆ, ಆ ಎರಡು ಭಾರದ ಚೆಂಡಿನ ತುಸು ಹಿಂದಿವೆಯೇ? ಮುಂದಿದ್ದರೆ ವಿಮಾನ ಬಾಲದ ಮೇಲೆ ಕೂರುತ್ತದೆ. ತೀರಾ ಹಿಂದಿದ್ದರೆ ಮೂತಿ ಏಳುವುದಿಲ್ಲ.

6. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ.

ಫೋನ್ ಬೇಡ, ಒಂದು ಹಾಳೆ ಸಾಕು

ಇದನ್ನು ನಂಬಬೇಕಿಲ್ಲ, ಮಾಡಿಯೇ ನೋಡಬಹುದು. ಕಾಗದದ ಬಾಣದ ವಿಮಾನ ಮಾಡಿ. ಒಂದು ಜೆಮ್ ಕ್ಲಿಪ್ಪನ್ನು ಹಿಂದಿನ ತುದಿಗೆ ಸಿಕ್ಕಿಸಿ ಮೆಲ್ಲಗೆ ಎಸೆಯಿರಿ. ಮೂತಿ ಎತ್ತಿ ಗಿರಕಿ ಹೊಡೆದು ಬೀಳುತ್ತದೆ. ಅದೇ ಕ್ಲಿಪ್ಪನ್ನು ಮೂತಿಗೆ ಹಾಕಿ, ನೇರ ನೆಲಕ್ಕೆ ಹೋಗುತ್ತದೆ. ಈಗ ಕ್ಲಿಪ್ಪನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸುತ್ತಾ ಬನ್ನಿ. ರೆಕ್ಕೆಯ ಹಿಂದಿನ ಅಂಚನ್ನು ಕೂದಲೆಳೆಯಷ್ಟು ಮೇಲಕ್ಕೆ ಬಾಗಿಸಿ. ಒಂದು ಜಾಗದಲ್ಲಿ ವಿಮಾನ ಹಾಲಿನ ಈ ತುದಿಯಿಂದ ಆ ತುದಿಗೆ ತೇಲಿಕೊಂಡು ಹೋಗುತ್ತದೆ. ಎಂಜಿನ್ ಇಲ್ಲ, ಶಕ್ತಿ ಅಷ್ಟೇ. ಬದಲಾದದ್ದು ಭಾರದ ಜಾಗ ಮತ್ತು ಕಾಗದದ ಒಂದು ಮಡಿಕೆ.

ಇದರಲ್ಲಿ ಆಸಕ್ತಿ ಹುಟ್ಟಿದ ಮಕ್ಕಳನ್ನು ಒಂದು ಭಾನುವಾರ ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ, ಆ ದಿನ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಮಾರುತ್ ವಿಮಾನವನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ‘ಇದರ ವೇಗ ಎಷ್ಟು’ ಎಂಬ ಪ್ರಶ್ನೆ ಬಿಟ್ಟು ‘ಇದರ ಭಾರದ ಕೇಂದ್ರ ಎಲ್ಲಿರಬಹುದು, ಹಿಂದಿನ ಚಕ್ರ ಅಲ್ಲೇ ಯಾಕಿದೆ’ ಎಂದು ಕೇಳಿ. ಗೇಮ್ ಆಡಿದ ಮಗುವೇ ನಿಮಗೆ ಉತ್ತರ ಹೇಳಬಹುದು.

ಮುಂದಿನ ಸಲ ಮನೆಯಲ್ಲಿ ಯಾರದಾದರೂ ವಿಮಾನ ಫೋನಿನಲ್ಲಿ ಪಲ್ಟಿ ಹೊಡೆದರೆ ‘ಇನ್ನೊಂದು ಎಂಜಿನ್ ಹಾಕು’ ಎನ್ನಬೇಡಿ. ‘ಆ ಎರಡು ಚೆಂಡು ಎಲ್ಲಿವೆ ತೋರಿಸು’ ಎನ್ನಿ.